ಎರವಲು ಕೊಡಿ ಸ್ವಾಮಿ, ಕಳ್ಳರನ್ನು ಮಾಡಬೇಡಿ

2025ರ ಜೂನ್ ತಿಂಗಳಲ್ಲಿ ಅಮೆರಿಕದಿಂದ ಮಗಳು ಬಂದಿದ್ದಳು. ನಾಚಾರಂನ ನಮ್ಮ ಮನೆಯ ಸೋಫಾದ ಮೇಲೆ ಕಾಲು ಚಾಚಿಕೊಂಡು ಫೋನಿನಲ್ಲಿ ಏನೋ ಓದುತ್ತಾ ಇದ್ದಳು. ಏನಮ್ಮಾ ಅದು ಅಂತ ಕೇಳಿದೆ. ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಅಂದಳು. ಮೇ ತಿಂಗಳಲ್ಲಷ್ಟೇ ಅದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತ್ತು. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ. ಕೊಂಡುಕೊಂಡೆಯಾ ಅಂದೆ. "ಇಲ್ಲಪ್ಪ, ನಮ್ಮೂರ ಲೈಬ್ರರಿಯಿಂದ ಎರವಲು ತಗೊಂಡೆ. ಒಂದು ತಿಂಗಳು ಕ್ಯೂನಲ್ಲಿದ್ದೆ, ನಿನ್ನೆ ರಾತ್ರಿ ನನ್ನ ಸರದಿ ಬಂತು" ಅಂದಳು.

ನಿನ್ನೆ ರಾತ್ರಿ ಅವಳು ಇದ್ದದ್ದು ನಾಚಾರಂನಲ್ಲಿ! ಲೈಬ್ರರಿ ಇರೋದು ಸಾವಿರಾರು ಮೈಲಿ ಆಚೆ. ಕೌಂಟರಿಗೆ ಹೋಗಿಲ್ಲ, ರಸೀದಿ ಬರೆದಿಲ್ಲ, ಒಂದು ಡಾಲರ್ ಕೊಟ್ಟಿಲ್ಲ. ಇಪ್ಪತ್ತೊಂದು ದಿನ ಕಳೆದರೆ ಪುಸ್ತಕ ತಾನಾಗಿಯೇ ವಾಪಸ್ಸು ಹೋಗುತ್ತದಂತೆ, ದಂಡದ ಮಾತೇ ಇಲ್ಲ. ಅಡುಗೆಮನೆಯಿಂದ ನನ್ನ ಹೆಂಡತಿ ಕೇಳಿದಳು: "ಕನ್ನಡದ್ದೇ ಸಿಗುತ್ತೇನೇ ಅದರಲ್ಲಿ?" ಮಗಳು ಸ್ವಲ್ಪ ಹೊತ್ತು ಹುಡುಕಿದಳು. ಆಮೇಲೆ ಫೋನ್ ಕೆಳಗಿಟ್ಟು "ಇಲ್ಲಮ್ಮ" ಅಂದಳು.

ಹಾಸನದಲ್ಲಿ ಕೂತು ಕನ್ನಡದಲ್ಲಿ ಬರೆದ ಕಥೆ ಇಂಗ್ಲಿಷ್ ವೇಷ ತೊಟ್ಟು ಅಮೆರಿಕದ ಲೈಬ್ರರಿ ಸೇರಿ, ಅಲ್ಲಿಂದ ನಾಚಾರಂನ ಸೋಫಾಕ್ಕೆ ಒಂದು ರಾತ್ರಿಯಲ್ಲಿ ಬರುತ್ತದೆ. ಅದೇ ಕಥೆಯ ಕನ್ನಡ ಪಕ್ಕದ ರಾಜ್ಯದಿಂದ ಇಲ್ಲಿಗೆ ಬರಬೇಕಾದರೆ ಕೊರಿಯರ್‌ನವನ ದಾರಿ ಕಾಯಬೇಕು. ಈ ಲೇಖನ ಬರೆಯೋದಕ್ಕೆ ಅಷ್ಟೇ ಕಾರಣ ಸಾಕಿತ್ತು. ಆದರೆ ಇನ್ನೊಂದು ಕಾರಣವೂ ಇದೆ, ಅದನ್ನ ಹೇಳೋಕೆ ನಾಚಿಕೆಯಾಗುತ್ತದೆ. ಆದರೂ ಹೇಳ್ತೀನಿ.

ಮೊದಲು ನಮ್ಮ ಪರಿಸ್ಥಿತಿ ಕೇಳಿ. ನಾನು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾದವನು. ಎಂ.ಕಾಂ. ಮುಗಿಸಿ ಸೇರಿದ್ದು ರಾಯಚೂರಿನ ಶಾಖೆಗೆ. ಅಲ್ಲಿ ಸಂಜೆಯಾದರೆ ಜಿಲ್ಲಾ ಗ್ರಂಥಾಲಯ. ಠೇವಣಿ ಕಟ್ಟಿ ಕಾರ್ಡು ಮಾಡಿಸಿದ್ದೆ, ವಾರಕ್ಕೆ ಎರಡು ಪುಸ್ತಕ ತಪ್ಪಿದ್ದಿಲ್ಲ. ಆಮೇಲೆ ಬಳ್ಳಾರಿ, ಕರ್ನೂಲು, ಕೊನೆಗೆ ಹೈದರಾಬಾದು. ಮಕ್ಕಳ ಓದು ಇಲ್ಲೇ ಆಯಿತು, ಸಾಲ ಮಾಡಿ ಮನೆಯೂ ಇಲ್ಲೇ ಕಟ್ಟಿದ್ದಾಯಿತು. ನಾಚಾರಂ ಅಂದರೆ ನೀವು ಅಂದುಕೊಳ್ಳುವ ಚಾರ್‌ಮಿನಾರಿನ ಹೈದರಾಬಾದಲ್ಲ. ಕಾರ್ಖಾನೆಯ ಶೆಡ್ಡುಗಳು, ಇ.ಎಸ್.ಐ. ಆಸ್ಪತ್ರೆ, ಲಾರಿಗಳು, ನಡುವೆ ನಮ್ಮಂಥವರ ಮನೆಗಳು. ಎದುರು ಮನೆಯವರು ಬೀದರಿನವರು, ಹಿಂದಿನ ಬೀದಿಯಲ್ಲಿ ಉಡುಪಿ ಕಡೆಯವರು ಒಬ್ಬರು. ಕನ್ನಡ ಕೇಳೋದಕ್ಕೆ ಕೊರತೆಯಿಲ್ಲ, ಓದೋದಕ್ಕೆ ಕೊರತೆ.

ಹೈದರಾಬಾದಿನಲ್ಲಿ ಕನ್ನಡ ಹೊಸದೇನಲ್ಲ ಅನ್ನೋದು ನಿಮಗೆ ಗೊತ್ತು. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗ, ರಾಯಚೂರುಗಳಿಗೆ ಇದೇ ರಾಜಧಾನಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತಿದ್ದರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇದೆ, ನೃಪತುಂಗ ಶಾಲೆ ಇದೆ. 1891ರಲ್ಲಿ ಆಸಫಿಯಾ ಎಂಬ ಹೆಸರಿನಲ್ಲಿ ಶುರುವಾಗಿ ಈಗ ಅಫ್ಜಲ್‌ಗಂಜ್‌ನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಉರ್ದು, ತೆಲುಗು, ಮರಾಠಿಯ ಜೊತೆಗೆ ಕನ್ನಡ ಪುಸ್ತಕಗಳೂ ಇವೆ. ಆದರೆ ಇವೆಲ್ಲ ನಮ್ಮ ಹಿರಿಯರು ಮಾಡಿಟ್ಟ ಆಸ್ತಿ. ಈ ವರ್ಷ ಧಾರವಾಡದಲ್ಲಿ ಬಿಡುಗಡೆಯಾದ ಕಾದಂಬರಿ, ಬೆಂಗಳೂರಿನಲ್ಲಿ ಬಂದ ಹೊಸ ಆತ್ಮಕಥೆ, ಇತಿಹಾಸದ ಪುಸ್ತಕ ಬೇಕು ಅಂದರೆ ಹಬ್ಸಿಗುಡಾ, ಅಂಬರ್‌ಪೇಟೆ ದಾಟಿ ಎರಡು ಬಸ್ಸು ಬದಲಾಯಿಸಿ ಹೋಗುವ ವಯಸ್ಸು ನನ್ನದಲ್ಲ. ಹೋದರೂ ಅದು ಅಲ್ಲಿರುತ್ತದೆ ಅನ್ನೋ ಖಾತ್ರಿಯಿಲ್ಲ.

ತರಿಸಿಕೊಳ್ಳಬಹುದಲ್ಲ ಅಂತೀರಿ. ತರಿಸ್ತೀವಿ. ಆದರೆ ನನ್ನ ಹೆಂಡತಿಗೆ ಮಧುಮೇಹದಿಂದ ಕಣ್ಣು ಮಂಜಾಗಿದೆ. ಅಚ್ಚಿನ ಪುಸ್ತಕದ ಅಕ್ಷರ ಅವಳಿಗೆ ಇರುವೆ ಸಾಲು. ಫೋನಿನಲ್ಲೋ ಟ್ಯಾಬಿನಲ್ಲೋ ಅಕ್ಷರವನ್ನ ಹುಣಸೆ ಬೀಜದ ಗಾತ್ರಕ್ಕೆ ಹಿಗ್ಗಿಸಿಕೊಟ್ಟರೆ ಗಂಟೆಗಟ್ಟಲೆ ಓದುತ್ತಾಳೆ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನೋ ಗಾದೆಯಲ್ಲಿ ಎರಡೂ ಪಾತ್ರ ನಮ್ಮ ಮನೆಯಲ್ಲೇ ಇವೆ.

ಈಗ ನಾಚಿಕೆಯ ವಿಷಯ. ನಾನಿರುವ ಒಂದು ವಾಟ್ಸಾಪ್ ಗುಂಪಿಗೆ ಒಂದು ರಾತ್ರಿ ಹೊಸ ಕಾದಂಬರಿಯೊಂದರ ಪಿಡಿಎಫ್ ಬಂತು. ಬಿಡುಗಡೆಯಾಗಿ ಮೂರು ತಿಂಗಳೂ ಆಗಿರಲಿಲ್ಲ. ಯಾರೋ ಪುಣ್ಯಾತ್ಮ ಪುಟ ಪುಟವನ್ನೂ ಫೋಟೋ ತೆಗೆದು ಹಂಚಿದ್ದ. ಕೆಲವು ಪುಟದ ಅಂಚಿನಲ್ಲಿ ಅವನ ಹೆಬ್ಬೆರಳೂ ಕಾಣುತ್ತಿತ್ತು. ಒಂದು ಸಹಿ ಕಡಿಮೆಯಿದ್ದರೆ ಹತ್ತು ರೂಪಾಯಿ ವೋಚರನ್ನೂ ಪಾಸು ಮಾಡದ ನಾನು ಅದನ್ನ ಅಳಿಸಬೇಕಿತ್ತು. ಅಳಿಸಲಿಲ್ಲ. ಟ್ಯಾಬಿಗೆ ಹಾಕಿ ಹೆಂಡತಿಗೆ ಕೊಟ್ಟೆ. ಅವಳು ಓದಿ ಮುಗಿಸಿ "ಎಷ್ಟು ಚೆನ್ನಾಗಿ ಬರೆದಿದ್ದಾರೆ ರೀ, ಅವರಿಗೆ ಒಂದು ಫೋನ್ ಮಾಡಿ" ಅಂದಳು. ಏನಂತ ಮಾಡಲಿ? ನಿಮ್ಮ ಪುಸ್ತಕ ಕದ್ದು ಓದಿದೆವು, ಬಹಳ ಚೆನ್ನಾಗಿದೆ ಅಂತ?

ಕೊನೆಗೆ ಮಾಡಿದೆ. ಇದ್ದದ್ದನ್ನ ಇದ್ದಂತೆ ಹೇಳಿದೆ. ಪುಸ್ತಕದ ಬೆಲೆ ಕಳಿಸ್ತೀನಿ ಅಂದೆ. ಆ ಲೇಖಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೊಬ್ಬರು ಹೇಳಿದಿರಿ. ಇನ್ನೆಷ್ಟು ಜನವೋ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಆ ದಿನ ನಿರ್ಧಾರ ಮಾಡಿದೆ, ಇದನ್ನ ಬರೆಯಬೇಕು ಅಂತ. ನಾನು ಮಾಡಿದ್ದು ತಪ್ಪು, ಅದಕ್ಕೆ ಸಮಜಾಯಿಷಿ ಇಲ್ಲ. ಆದರೆ ಮುಂಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲು ತೆರೆದಿಟ್ಟ ಮನೆಯವರೂ ಸ್ವಲ್ಪ ಯೋಚಿಸಬೇಕಲ್ಲವೆ?

ಮುಂಬಾಗಿಲು ಅಂದರೆ ನಾನು ಹೇಳೋದು ಎರವಲು ವ್ಯವಸ್ಥೆ. ಇದು ಹೇಗೆ ನಡೆಯುತ್ತದೆ ಅಂತ ಮಗಳು ವಿವರಿಸಿದಳು, ಆಮೇಲೆ ನಾನೂ ಓದಿಕೊಂಡೆ. ಅಲ್ಲಿನ ಗ್ರಂಥಾಲಯಗಳು ಓವರ್‌ಡ್ರೈವ್ ಎಂಬ ಕಂಪೆನಿಯ ಮೂಲಕ ಪ್ರಕಾಶಕರಿಂದ ಇ-ಪುಸ್ತಕದ ಪರವಾನಗಿ ಕೊಳ್ಳುತ್ತವೆ. ಓದುಗರ ಕೈಯಲ್ಲಿರೋದು ಲಿಬ್ಬಿ ಎಂಬ ಆ್ಯಪ್, 2017ರಲ್ಲಿ ಬಂದದ್ದು. ಒಂದು ಪರವಾನಗಿ ಅಂದರೆ ಒಂದು ಸಲಕ್ಕೆ ಒಬ್ಬ ಓದುಗ. ಐದು ಪರವಾನಗಿ ಇದ್ದರೆ ಐದು ಜನ ಓದುತ್ತಾರೆ, ಆರನೆಯವನು ಕಾಯುತ್ತಾನೆ. ಅವಧಿ ಮುಗಿದಾಗ ಫೈಲು ತೆರೆಯೋದಿಲ್ಲ. ಸರಿಯಾಗಿ ನೋಡಿದರೆ ಇದು ನಮ್ಮ ಹಳೆಯ ಗ್ರಂಥಾಲಯದ ನಿಯಮವೇ, ಕಾರ್ಡು ಮಾತ್ರ ಬದಲಾಗಿದೆ.

ಪ್ರಕಾಶಕರು ಅಲ್ಲೂ ಸುಮ್ಮನೆ ಒಪ್ಪಲಿಲ್ಲ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಸಂಸ್ಥೆ, ಒಂದು ಪರವಾನಗಿ 26 ಎರವಲಿಗೆ ಮಾತ್ರ, ಆಮೇಲೆ ಮತ್ತೆ ಕೊಳ್ಳಿ ಅಂತ ಷರತ್ತು ಹಾಕಿತು. ಗ್ರಂಥಪಾಲಕರು ಕೂಗಾಡಿದರು. 2019ರ ನವೆಂಬರಿನಲ್ಲಿ ಮ್ಯಾಕ್‌ಮಿಲನ್, ಹೊಸ ಪುಸ್ತಕ ಬಂದ ಮೊದಲ ಎಂಟು ವಾರ ಒಂದು ಗ್ರಂಥಾಲಯ ವ್ಯವಸ್ಥೆಗೆ ಒಂದೇ ಪ್ರತಿ ಅಂದಿತು. ಗ್ರಂಥಾಲಯಗಳು ಬಹಿಷ್ಕಾರಕ್ಕೆ ಇಳಿದವು, 2020ರ ಮಾರ್ಚಿನಲ್ಲಿ ಆ ನಿಯಮ ವಾಪಸ್ಸಾಯಿತು. ಜಗಳ ಆಡಿದರು, ಚೌಕಾಸಿ ಮಾಡಿದರು, ಆದರೆ ವ್ಯವಹಾರ ನಡೆಯಿತು. ನಮ್ಮಲ್ಲಿ ಜಗಳ ಆಡೋದಕ್ಕಾದರೂ ಒಂದು ವ್ಯವಹಾರ ಬೇಕಲ್ಲ!

ಕರ್ನಾಟಕದಲ್ಲಿ ಡಿಜಿಟಲ್ ಗ್ರಂಥಾಲಯ ಇಲ್ಲವೇನ್ರೀ ಅಂತ ನೀವು ಕೇಳಬಹುದು. ಇದೆ. 2020ರ ಫೆಬ್ರವರಿಯಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಅದನ್ನ ಶುರು ಮಾಡಿತು, ಮುಂದಿನ ತಿಂಗಳೇ ಲಾಕ್‌ಡೌನ್ ಬಂತು, ಲಕ್ಷಾಂತರ ವಿದ್ಯಾರ್ಥಿಗಳಿಗೆ ಉಪಯೋಗವಾಯಿತು. ಆ ಕೆಲಸಕ್ಕೆ ನಾನು ಕೈ ಮುಗೀತೀನಿ. 'ಕಣಜ' ಇದೆ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' ಇದೆ, ವಿಕಿಸೋರ್ಸ್ ಇದೆ. ಆದರೆ ಇವುಗಳ ಹೆಚ್ಚಿನ ಬಲ ಇರೋದು ಪಠ್ಯ, ಪರೀಕ್ಷೆ, ನಿಘಂಟು, ಹಳೆಯ ಗ್ರಂಥಗಳ ಕಡೆಗೆ. ಉಚಿತವಾಗಿ ಹಂಚಬಹುದಾದ್ದನ್ನ ಹಂಚೋದು ಒಂದು ಕೆಲಸ. ಹೊಸ ಪುಸ್ತಕವನ್ನ ಹಣ ಕೊಟ್ಟು ಪಡೆದು ಎರವಲು ಕೊಡೋದು ಇನ್ನೊಂದು ಕೆಲಸ. ನಾವು ಮೊದಲನೆಯದನ್ನ ಮಾಡಿ ಎರಡನೆಯದೂ ಆಯಿತು ಅಂತ ಕೂತಿದ್ದೀವಿ.

ಕಾನೂನು ಹೀಗಿದೆ ನೋಡಿ. ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅಂದರೆ ಅವರು ಬದುಕಿದ್ದಾಗ ಪ್ರಕಟವಾದ ಪುಸ್ತಕಗಳು 2024ರ ಜನವರಿ 1ರಿಂದ ಎಲ್ಲರ ಆಸ್ತಿ. ಆದರೆ ಅ.ನ.ಕೃ. ತೀರಿಕೊಂಡದ್ದು 1971ರಲ್ಲಿ, ಅವರ ಪುಸ್ತಕಕ್ಕೆ 2032ರವರೆಗೆ ಕಾಯಬೇಕು. ಮಾಸ್ತಿಯವರದಕ್ಕೆ 2047. ಇವತ್ತು ಬರೆಯುತ್ತಿರುವವರ ಪುಸ್ತಕಕ್ಕೆ ನಮ್ಮ ಮೊಮ್ಮಕ್ಕಳೂ ಮುದುಕರಾಗಬೇಕು. ಹಾಗಂತ ಲೈಬ್ರರಿಯವರು ತಮ್ಮಲ್ಲಿರುವ ಪ್ರತಿಯನ್ನ ತಾವೇ ಸ್ಕ್ಯಾನ್ ಮಾಡಿ ಹಂಚುವ ಹಾಗೂ ಇಲ್ಲ. 2012ರ ತಿದ್ದುಪಡಿ ಅಂಥ ಪ್ರತಿಯನ್ನ ಸಂರಕ್ಷಣೆಗಾಗಿ ಇಟ್ಟುಕೊಳ್ಳೋದಕ್ಕಷ್ಟೇ ಅವಕಾಶ ಕೊಡುತ್ತದೆ. ಅಮೆರಿಕದ ಇಂಟರ್ನೆಟ್ ಆರ್ಕೈವ್ ಸ್ಕ್ಯಾನ್ ಮಾಡಿದ ಪ್ರತಿಗಳನ್ನ ಎರವಲು ಕೊಟ್ಟು 2023ರಲ್ಲಿ ಪ್ರಕಾಶಕರೆದುರು ಮೊಕದ್ದಮೆ ಸೋತಿತು, 2024ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಆದ್ದರಿಂದ ಉಳಿದಿರೋದು ಒಂದೇ ದಾರಿ: ಪ್ರಕಾಶಕರ ಜೊತೆ ಕೂತು ಒಪ್ಪಂದ ಮಾಡಿಕೊಳ್ಳೋದು.

ಇದಕ್ಕೆ ನಾನು ಕೇಳಿರುವ ಆಕ್ಷೇಪಣೆಗಳು ನಾಲ್ಕು.

ಒಂದು, "ಪುಸ್ತಕ ಅಂದರೆ ಕಾಗದ, ಅದರ ವಾಸನೆ, ಅದರ ಸ್ಪರ್ಶ." ಸರಿ ಸ್ವಾಮಿ. ನನಗೂ ಇಷ್ಟ. ಆದರೆ ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ನಾವೂ ಹೀಗೇ ಲೆಡ್ಜರಿನ ವಾಸನೆ ಹಿಡಿದು ಕೂತಿದ್ದೆವು. ಕಣ್ಣು ಕಾಣದವಳಿಗೆ ಕಾಗದದ ವಾಸನೆ ತೋರಿಸಿ ಸಮಾಧಾನ ಮಾಡೋಕೆ ಆಗೋದಿಲ್ಲ.

ಎರಡು, "ಕನ್ನಡಕ್ಕೆ ತಂತ್ರಜ್ಞಾನ ಒಗ್ಗೋದಿಲ್ಲ." ಇದರಲ್ಲಿ ಅರ್ಧ ಸತ್ಯ ಇದೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು; ಆ ಪಟ್ಟಿಯಲ್ಲಿ ಕನ್ನಡವೂ ಇರಲಿಲ್ಲ, ತೆಲುಗೂ ಇರಲಿಲ್ಲ. ನಮ್ಮ ಎಷ್ಟೋ ಪುಸ್ತಕಗಳು ಯೂನಿಕೋಡ್ ಅಲ್ಲದ ಹಳೆಯ ನುಡಿ, ಶ್ರೀಲಿಪಿ ಅಕ್ಷರದಲ್ಲಿ ಕೂತಿವೆ. ಅವುಗಳ ಪಿಡಿಎಫ್ ಅಂದರೆ ಪುಟದ ಫೋಟೋ ಇದ್ದ ಹಾಗೆ, ಫೋನಿನಲ್ಲಿ ಹಿಗ್ಗಿಸಿದರೆ ಸಾಲು ಅಂಚಿನಾಚೆ ಓಡಿಹೋಗುತ್ತದೆ. ಯೂನಿಕೋಡಿನಲ್ಲಿ ಇ-ಪಬ್ ಮಾಡಿದರೆ ಅಕ್ಷರ ದೊಡ್ಡದಾದ ಹಾಗೆ ಸಾಲು ತಾನೇ ಮಡಿಚಿಕೊಳ್ಳುತ್ತದೆ. ಇದು ಆಗದ ಕೆಲಸವೇನಲ್ಲ. 2020ರಲ್ಲೇ ಮೈಲ್ಯಾಂಗ್‌ನಂಥವರು ಹೊಸ ಕನ್ನಡ ಪುಸ್ತಕಗಳನ್ನ ಇ-ಪುಸ್ತಕವಾಗಿ, ಕೇಳುವ ಪುಸ್ತಕವಾಗಿ ತಂದು ಮಾರಿ ತೋರಿಸಿದರು. ನಮ್ಮ ನೆರೆಯ ತೆಲುಗಿನವರ 'ಕಿನಿಗೆ' ತಾಣ ಇ-ಪುಸ್ತಕವನ್ನ ತಿಂಗಳ ಮಟ್ಟಿಗೆ ಬಾಡಿಗೆಗೂ ಕೊಡುತ್ತಿತ್ತು. ಅಂಗಡಿಯವನಿಗೆ ಸಾಧ್ಯವಾದದ್ದು ಗ್ರಂಥಾಲಯಕ್ಕೆ ಯಾಕೆ ಸಾಧ್ಯವಿಲ್ಲ?

ಮೂರು, "ಎರವಲು ಕೊಟ್ಟರೆ ಯಾರು ಕೊಳ್ತಾರೆ?" ಇದು ಪ್ರಕಾಶಕರ ಭಯ. ಭಯ ನಿಜವಾದದ್ದು, ನಾನು ನಗೋದಿಲ್ಲ. ಆದರೆ ಲೆಕ್ಕ ಹಾಕೋಣ ಬನ್ನಿ, ಅದು ನನ್ನ ಕಸುಬು. ಇಲಾಖೆ ಸಗಟು ಖರೀದಿಯಲ್ಲಿ ಒಂದು ಹೊಸ ಪುಸ್ತಕ ಆಯ್ಕೆಯಾದರೆ ಸುಮಾರು 300 ಪ್ರತಿ ಕೊಳ್ಳುವ ಪದ್ಧತಿ ಬೆಳೆದುಬಂದಿದೆ. ಆ ಪ್ರತಿ ಒಮ್ಮೆ ಮಾರಾಟವಾದರೆ ಮುಗಿಯಿತು. ನೂರು ಜನ ಓದಲಿ, ಗೆದ್ದಲು ಓದಲಿ, ಪ್ರಕಾಶಕರಿಗೆ ಮತ್ತೆ ಪೈಸೆ ಇಲ್ಲ. ಈಗ 250 ರೂಪಾಯಿಯ ಪುಸ್ತಕಕ್ಕೆ ಇಪ್ಪತ್ತು ಇ-ಪರವಾನಗಿ ಕೊಳ್ಳಿ, ಎರಡು ಪಟ್ಟು ಬೆಲೆ ಕೊಟ್ಟೇ ಕೊಳ್ಳಿ. 10,000 ರೂಪಾಯಿ ಆಯಿತು. ಒಂದೊಂದಕ್ಕೆ 26 ಎರವಲು ಅಂದರೆ ಒಟ್ಟು 520 ಓದು. ಒಂದು ಓದಿಗೆ ಇಪ್ಪತ್ತು ರೂಪಾಯಿಯೂ ಬೀಳೋದಿಲ್ಲ. ಹದಿನೈದು ದಿನದ ಅವಧಿ ಇಟ್ಟರೆ, ಪುಸ್ತಕ ಜನಪ್ರಿಯವಾಗಿದ್ದರೆ ಹದಿಮೂರು ತಿಂಗಳಿಗೆ ಪರವಾನಗಿ ತೀರುತ್ತದೆ, ಗ್ರಂಥಾಲಯ ಮತ್ತೆ ಕೊಳ್ಳಬೇಕು. ಓದಿಸಿಕೊಳ್ಳುವ ಪುಸ್ತಕಕ್ಕೆ ಮತ್ತೆ ಮತ್ತೆ ಹಣ, ಓದಿಸಿಕೊಳ್ಳದ್ದಕ್ಕೆ ಒಂದೇ ಸಲ. ಯಾವ ಪುಸ್ತಕ ನಿಜವಾಗಿ ಓದಿದರು ಅನ್ನೋ ಲೆಕ್ಕವೂ ಸಿಗುತ್ತದೆ. ಇದನ್ನ ಬೇಡ ಅನ್ನೋರು ಯಾರು ಅಂತ ನೀವೇ ಊಹಿಸಿ!

ಲೇಖಕರ ಪಾಲನ್ನೂ ಮರೆಯಬಾರದು. ಬ್ರಿಟನ್ನಿನಲ್ಲಿ ಗ್ರಂಥಾಲಯದಿಂದ ಪುಸ್ತಕ ಎರವಲು ಹೋದಾಗಲೆಲ್ಲ ಲೇಖಕರಿಗೆ ಸರ್ಕಾರ ಕೆಲವು ಪೆನ್ಸ್ ಕೊಡುತ್ತದೆ. ಅದಕ್ಕೆ 1979ರಲ್ಲೇ ಕಾನೂನು ಮಾಡಿದರು, 2018ರಿಂದ ಇ-ಪುಸ್ತಕಕ್ಕೂ ಅನ್ವಯಿಸಿದರು. ನಾನು ಕದ್ದು ಓದಿದ ಆ ಕಾದಂಬರಿಯನ್ನ ಹೀಗೆ ಎರವಲು ಪಡೆದಿದ್ದರೆ ಆ ಲೇಖಕರಿಗೆ ಕೆಲವೇ ರೂಪಾಯಿ ಸಿಗುತ್ತಿತ್ತು. ವಾಟ್ಸಾಪಿನಿಂದ ಸಿಕ್ಕಿದ್ದು ಸೊನ್ನೆ. ಎರವಲಿನ ಎದುರಾಳಿ ಮಾರಾಟ ಅಲ್ಲ ಮಹನೀಯರೇ, ಕಳ್ಳತನ.

ನಾಲ್ಕನೆಯದು ಸ್ವಲ್ಪ ಚುಚ್ಚುತ್ತದೆ. "ನಾಡು ಬಿಟ್ಟು ಹೋದವರಿಗೆ ನಮ್ಮ ತೆರಿಗೆ ಹಣದಲ್ಲಿ ಪುಸ್ತಕ ಯಾಕೆ?" ಇದು ನ್ಯಾಯವಾದ ಪ್ರಶ್ನೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನೀವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೀರಿ. ನಾನು ಕಟ್ಟೋದು ನಾಚಾರಂನ ಮನೆಗೆ, ತೆಲಂಗಾಣಕ್ಕೆ. ಒಂದು ಗ್ರಂಥಾಲಯದ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಲು ಹೋಗಿ, ಜಿಲ್ಲೆಯ ಪಟ್ಟಿಯಲ್ಲಿ ನಮ್ಮ ಜಿಲ್ಲೆ ಸಿಗದೆ, ಕೊನೆಗೆ ಅಣ್ಣನ ಮನೆ ವಿಳಾಸ ಕೊಟ್ಟು ಒಳಗೆ ಹೋದವನು ನಾನು. ಅದೂ ಒಂದು ಸುಳ್ಳೇ. ಹಾಗಾಗಿ ನಾನು ಕೇಳೋದು ದಾನ ಅಲ್ಲ. ಹೊರನಾಡಿನವರಿಗೆ ವರ್ಷಕ್ಕೆ 600 ರೂಪಾಯಿ ಚಂದಾ ಇಡಿ. ಐದು ಸಾವಿರ ಜನ ಸೇರಿದರೂ 30 ಲಕ್ಷ ಆಗುತ್ತದೆ. ಮೇಲಿನ ಲೆಕ್ಕದಲ್ಲಿ ಅದು 6,000 ಪರವಾನಗಿ. ಆ ಪುಸ್ತಕಗಳನ್ನ ಬರೇ ನಾವು ಓದೋದಿಲ್ಲ, ಸರದಿಯಲ್ಲಿ ನೀವೂ ಓದ್ತೀರಿ. ಕಾಸರಗೋಡಿನವರು, ಸೊಲ್ಲಾಪುರದವರು, ಅಕ್ಕಲಕೋಟೆಯವರು ನಮ್ಮ ಹಾಗೆ ನಾಡು ಬಿಟ್ಟು ಹೋದವರೂ ಅಲ್ಲ. ಗೆರೆ ಅವರನ್ನ ಬಿಟ್ಟು ಹೋಯಿತು. ಅವರಿಗೂ ಇದೇ ಬಾಗಿಲು ಬೇಕು.

ನಾನು ಬ್ಯಾಂಕಿಗೆ ಸೇರಿದಾಗ ರಾಯಚೂರಿನ ಖಾತೆಯ ಹಣ ರಾಯಚೂರಿನಲ್ಲೇ ತೆಗೆಯಬೇಕಿತ್ತು. ಗ್ರಾಹಕ ಹೈದರಾಬಾದಿಗೆ ಬಂದರೆ ಡಿ.ಡಿ. ಮಾಡಿಸಬೇಕು, ಕಮಿಷನ್ ಕೊಡಬೇಕು. ಆಮೇಲೆ ಕೋರ್ ಬ್ಯಾಂಕಿಂಗ್ ಬಂತು. ಶಾಖೆಯ ಗ್ರಾಹಕ ಬ್ಯಾಂಕಿನ ಗ್ರಾಹಕನಾದ. ಹಣಕ್ಕೆ ಮಾಡಿದ ಈ ಕೆಲಸವನ್ನ ಪುಸ್ತಕಕ್ಕೆ ಮಾಡೋದು ಅಷ್ಟು ಕಷ್ಟವೆ? ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1962ರಲ್ಲಿ ತಮ್ಮ ಸಂಶೋಧನಾ ಕೇಂದ್ರ ಕಟ್ಟಿದ್ದೂ ಬೆಂಗಳೂರಿನಲ್ಲಿ, 1972ರಲ್ಲಿ ಕಣ್ಣು ಮುಚ್ಚಿದ್ದೂ ಬೆಂಗಳೂರಿನಲ್ಲಿ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನೋದು ಅವರು 1931ರಲ್ಲೇ ಹೇಳಿದ ಸೂತ್ರ. ಓದುಗ ರಾಜ್ಯದ ಗಡಿಯೊಳಗೇ ಇರಬೇಕು ಅಂತ ಅವರು ಎಲ್ಲೂ ಸೇರಿಸಲಿಲ್ಲ.

ನಾಡಿನಲ್ಲಿರುವ ನೀವು ಒಂದು ಕೆಲಸ ಮಾಡಿ. ನಮ್ಮ ಮಾತು ಅಲ್ಲಿ ಯಾರೂ ಕೇಳೋದಿಲ್ಲ, ನಮಗೆ ಅಲ್ಲಿ ಓಟಿಲ್ಲ. ನಿಮ್ಮೂರಿನ ಗ್ರಂಥಾಲಯಕ್ಕೆ ಹೋದಾಗ ಒಂದು ಚೀಟಿ ಬರೆದು ಕೊಡಿ: ಈ ವರ್ಷದ ಹೊಸ ಕಾದಂಬರಿ, ಹೊಸ ಆತ್ಮಕಥೆ ಫೋನಿನಲ್ಲಿ ಎರವಲು ಯಾವಾಗ ಸಿಗುತ್ತದೆ ಅಂತ. ಪ್ರಕಾಶಕರನ್ನ ಪುಸ್ತಕ ಬಿಡುಗಡೆಯ ಸಮಾರಂಭದಲ್ಲಿ ಕೇಳಿ. ಲೇಖಕರಾಗಿದ್ದರೆ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಇ-ಎರವಲಿನ ಪಾಲು ಎಷ್ಟು ಅಂತ ಕೇಳಿ. ನಿಮ್ಮ ಮನೆಯಲ್ಲೂ ಕಣ್ಣು ಮಂಜಾದ ಒಬ್ಬರು ತಾಯಿಯೋ ಅತ್ತೆಯೋ ಇದ್ದಾರು. ಇದು ಹೊರನಾಡಿನವರ ಕೊರಗು ಮಾತ್ರ ಅಲ್ಲ.

ಆ ವಾಟ್ಸಾಪ್ ಗುಂಪನ್ನ ನಾನು ಬಿಟ್ಟೆ. ಲೇಖಕರಿಗೆ ಹಣ ಕಳಿಸಿದೆ, ಅವರು ಅಚ್ಚಿನ ಪ್ರತಿಗೆ ಸಹಿ ಹಾಕಿ ಕಳಿಸಿಕೊಟ್ಟರು. ಅದು ಕಪಾಟಿನಲ್ಲಿದೆ. ಈಗ ಹೊಸ ಪುಸ್ತಕ ಬಂದರೆ ರಾತ್ರಿ ಊಟವಾದ ಮೇಲೆ ಹೆಂಡತಿಗೆ ನಾನೇ ಓದಿ ಹೇಳ್ತೀನಿ, ದಿನಕ್ಕೆ ಹತ್ತು ಪುಟ. ಅವಳು ಕೇಳ್ತಾಳೆ, ಸಂತೋಷವೂ ಪಡ್ತಾಳೆ. ಆದರೆ ಮೊನ್ನೆ ನಡುವೆ ನಿಲ್ಲಿಸಿ ಒಂದು ಮಾತು ಹೇಳಿದಳು: "ನೀವು ಚೆನ್ನಾಗೇ ಓದ್ತೀರಿ. ಆದರೂ ಒಬ್ಬಳೇ ಕೂತು ಓದೋ ಸುಖ ಬೇರೆ ರೀ." ನನ್ನಲ್ಲಿ ಉತ್ತರ ಇರಲಿಲ್ಲ. ನಿಮ್ಮಲ್ಲಿದ್ದರೆ ಹೇಳಿ.